ಎರಡು ವಿಮಾನಗಳ ನಡುವಣ ಎರಡು ನಿಮಿಷ

ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರ ತಂದೆಯೋ ಅಣ್ಣನೋ ಸೋದರಮಾವನೋ ಕೊಲ್ಲಿ ನಾಡುಗಳಲ್ಲಿ ದುಡಿಯುತ್ತಿರುವವರು. ಅವರನ್ನು ಬೀಳ್ಕೊಡುವುದಕ್ಕೂ ಎದುರುಗೊಳ್ಳುವುದಕ್ಕೂ ಮಂಗಳೂರಿನ ಅಥವಾ ಕಣ್ಣೂರಿನ ವಿಮಾನ ನಿಲ್ದಾಣಕ್ಕೆ ಹೋಗಿಬರುವುದು ಕಾಸರಗೋಡು ಸೀಮೆಯ ಮನೆಗಳಿಗೆ ಹೊಸತಲ್ಲ. ಹೀಗೆ ಪಯಣಿಸಿದ ಹಿರಿಯರು ಒಂದು ಸಂಗತಿಯನ್ನು ಗಮನಿಸಿರಬಹುದು. ದುಬಾಯಿಯಂತಹ ದೊಡ್ಡ ನಿಲ್ದಾಣದಲ್ಲಿ ಬಾಗಿಲು ಮುಚ್ಚಿ, ಸೊಂಟದ ಪಟ್ಟಿ ಬಿಗಿಸಿ, ರನ್‌ವೇ ಎಂದು ಕರೆಯುವ ಓಡುದಾರಿಯ ಬಾಯಿಯವರೆಗೆ ಬಂದ ವಿಮಾನವು ಅಲ್ಲಿ ಸುಮ್ಮನೆ ನಿಂತುಬಿಡುತ್ತದೆ. ಎದುರಿಗೆ ಓಡುದಾರಿ ಬರಿದಾಗಿದೆ. ಮುಂದೆ ಹೋದ ವಿಮಾನ ಚುಕ್ಕೆಯಷ್ಟಾಗಿ ಮರೆಯಾಗಿದೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಆದರೂ ವಿಮಾನ ಕದಲುವುದಿಲ್ಲ. ಒಳಗಿರುವವರಿಗೆ ಆ ಒಂದೆರಡು ನಿಮಿಷಗಳು ಬಹಳ ದೀರ್ಘವೆನಿಸುತ್ತವೆ.

ಈ ಕಾಯುವಿಕೆಗೆ ಕಾರಣವು ಚಾಲಕನ ಆಲಸ್ಯವೂ ಅಲ್ಲ, ಯಂತ್ರದ ದೋಷವೂ ಅಲ್ಲ. ನಿಲ್ದಾಣದ ಎತ್ತರದ ಗೋಪುರದಲ್ಲಿ ಕುಳಿತ ನಿಯಂತ್ರಣಾಧಿಕಾರಿಯೊಬ್ಬರು ಸೆಕೆಂಡುಗಳನ್ನು ಎಣಿಸುತ್ತಿರುತ್ತಾರೆ. ಅವರು ಏತಕ್ಕಾಗಿ ಎಣಿಸುತ್ತಾರೆ, ಎಷ್ಟನ್ನು ಎಣಿಸುತ್ತಾರೆ, ಯಾವ ಸಲಕರಣೆಯಿಂದ ಎಣಿಸುತ್ತಾರೆ ಎಂಬುದೇ ಈ ಲೇಖನದ ವಿಷಯವಾಗಿದೆ.

ಮೊದಲು ಗಾಳಿಯ ವಿಚಾರವನ್ನು ತಿಳಿಯೋಣ. ಚಂದ್ರಗಿರಿ ಹೊಳೆಯಲ್ಲಿ ಯಂತ್ರದ ದೋಣಿಯೊಂದು ವೇಗವಾಗಿ ಸಾಗಿದ ಮೇಲೆ ಅದರ ಹಿಂದೆ ನೀರು ಬಹು ಹೊತ್ತಿನವರೆಗೆ ಕಲಕಿಕೊಂಡಿರುವುದನ್ನು ನೀವು ಕಂಡಿದ್ದೀರಿ. ಚಿಕ್ಕ ದೋಣಿಯವನು ಆ ಅಲೆಗಳು ತಗ್ಗುವ ತನಕ ಹುಟ್ಟು ಹಿಡಿದು ಕಾಯುತ್ತಾನೆ. ಗಾಳಿಯೂ ನೀರಿನಂತೆಯೇ ಹರಿಯುವ ವಸ್ತು. ಆದರೆ ಅದರ ಕಲಕಾಟವು ಕಣ್ಣಿಗೆ ಕಾಣಿಸದು. ವಿಮಾನವು ಮೇಲೇರಿ ನಿಲ್ಲುವುದು ಅದರ ರೆಕ್ಕೆಗಳ ಕೆಳಗಿನ ಗಾಳಿಯ ಒತ್ತಡವು ಮೇಲಿನ ಒತ್ತಡಕ್ಕಿಂತ ಹೆಚ್ಚಾಗಿರುವುದರಿಂದ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಗಾಳಿ ಹರಿಯುವುದು ಸ್ವಭಾವ. ರೆಕ್ಕೆಯ ನಡುವಿನಲ್ಲಿ ಅದಕ್ಕೆ ದಾರಿಯಿಲ್ಲ. ರೆಕ್ಕೆಯ ತುದಿಯಲ್ಲಿ ದಾರಿಯಿದೆ. ಅಲ್ಲಿ ಕೆಳಗಿನ ಗಾಳಿಯು ತುದಿಯನ್ನು ಬಳಸಿಕೊಂಡು ಮೇಲಕ್ಕೆ ಸುತ್ತುತ್ತದೆ. ವಿಮಾನ ಮುಂದೆ ಸಾಗುತ್ತಿರುವುದರಿಂದ ಈ ಸುತ್ತುವಿಕೆಯು ಹಗ್ಗ ಹೊಸೆದಂತೆ ಉದ್ದಕ್ಕೆ ಹೊಸೆದುಕೊಂಡು ಹಿಂದೆ ಉಳಿಯುತ್ತದೆ. ಎಡದ ರೆಕ್ಕೆಯಿಂದೊಂದು, ಬಲದ ರೆಕ್ಕೆಯಿಂದೊಂದು, ಹೀಗೆ ಎರಡು ಸುಳಿಗಳು. ಹಿಂದಿನಿಂದ ನೋಡುವವರಿಗೆ ಎಡದ್ದು ಗಡಿಯಾರದ ಮುಳ್ಳಿನಂತೆಯೂ ಬಲದ್ದು ಅದಕ್ಕೆ ವಿರುದ್ಧವಾಗಿಯೂ ತಿರುಗುತ್ತಿರುತ್ತದೆ. ಬೇಸಗೆಯಲ್ಲಿ ನಮ್ಮ ಆಟದ ಬಯಲಿನಲ್ಲಿ ತರಗೆಲೆಗಳನ್ನೆತ್ತುವ ಸುಳಿಗಾಳಿಯನ್ನು ಅಡ್ಡಲಾಗಿ ಮಲಗಿಸಿ, ಅದನ್ನು ನೂರಾರು ಪಟ್ಟು ಬಲಪಡಿಸಿದರೆ ಹೇಗಿರುವುದೋ ಹಾಗೆಂದು ಭಾವಿಸಿಕೊಳ್ಳಿರಿ. ಭಾರಿ ವಿಮಾನದ ಸುಳಿಯೊಳಗೆ ಗಾಳಿಯ ವೇಗವು ಸೆಕೆಂಡಿಗೆ 90 ಮೀಟರಿನಷ್ಟಿರಬಹುದು.

ವಿಮಾನವು ಭಾರವಾದಷ್ಟೂ ನಿಧಾನವಾದಷ್ಟೂ ಸುಳಿಯು ಬಲವಾಗುತ್ತದೆ. ನೆಲವನ್ನು ಬಿಟ್ಟೇಳುವ ಹೊತ್ತಿನಲ್ಲಿ ವಿಮಾನದೊಳಗೆ ಇಂಧನ ಭರ್ತಿಯಾಗಿರುತ್ತದೆ, ವೇಗವಿನ್ನೂ ಏರುತ್ತಿರುತ್ತದೆ. ಎಂದರೆ ಎರಡು ಕಾರಣಗಳೂ ಒಂದಾಗಿ ಕೂಡುವ ಸಮಯವದು. ಮೂತಿಯನ್ನು ಮೇಲೆತ್ತಿದ ಕ್ಷಣದಿಂದಲೇ ಸುಳಿ ಹುಟ್ಟತೊಡಗುತ್ತದೆ. ಹುಟ್ಟಿದ ಸುಳಿಗಳು ನಿಮಿಷಕ್ಕೆ 300ರಿಂದ 500 ಅಡಿಯಂತೆ ಕೆಳಗಿಳಿಯುತ್ತವೆ. ನೆಲದ ಸಮೀಪಕ್ಕೆ ಬಂದಾಗ ಎಡಬಲಕ್ಕೆ ಸರಿದು ಹೋಗುತ್ತವೆ. ಇಲ್ಲಿ ಒಂದು ವಿಚಿತ್ರವಿದೆ. ಬಿರುಗಾಳಿಯ ದಿನವೇ ಹೆಚ್ಚು ಅಪಾಯಕಾರಿಯೆಂದು ಯಾರಾದರೂ ಊಹಿಸುವರು. ಆದರೆ ಬಲವಾದ ಗಾಳಿಯು ಸುಳಿಗಳನ್ನು ಬೇಗನೆ ಒಡೆದುಬಿಡುತ್ತದೆ. ಅಡ್ಡಲಾಗಿ ಮೆಲ್ಲನೆ ಬೀಸುವ ತಂಗಾಳಿಯೇ ಕೇಡು. ಪಕ್ಕಕ್ಕೆ ಸರಿಯಬೇಕಾದ ಒಂದು ಸುಳಿಯನ್ನು ಅದು ಎದುರಿನಿಂದ ತಡೆದು ಓಡುದಾರಿಯ ಮೇಲೆಯೇ ನಿಲ್ಲಿಸಿಬಿಡಬಲ್ಲದು.

ಅಂತಹ ಸುಳಿಯೊಳಕ್ಕೆ ಸಣ್ಣ ವಿಮಾನವೊಂದು ಸಿಕ್ಕಿದರೆ ಒಂದು ರೆಕ್ಕೆ ಮೇಲಕ್ಕೂ ಮತ್ತೊಂದು ಕೆಳಕ್ಕೂ ತಳ್ಳಲ್ಪಟ್ಟು ವಿಮಾನವು ಮಗುಚಿಕೊಳ್ಳುವ ಸಂಭವವಿದೆ. ಚಾಲಕನು ತನ್ನ ಹಿಡಿಕೆಯನ್ನು ಪೂರ್ಣವಾಗಿ ಎದುರು ದಿಕ್ಕಿಗೆ ತಿರುಗಿಸಿದರೂ ಸುಳಿಯ ಬಲವೇ ಮೇಲಾಗಬಹುದು. ಎತ್ತರದಲ್ಲಾದರೆ ಸಾವರಿಸಿಕೊಳ್ಳಲು ಎಡೆಯಿದೆ. 2017ರ ಜನವರಿ 7ರಂದು ನಮ್ಮ ಅರಬ್ಬೀ ಸಮುದ್ರದ ಮೇಲೆ ಮಾಲೆಯಿಂದ ಬರ್ಲಿನ್ನಿಗೆ ಹೋಗುತ್ತಿದ್ದ ಚಾಲೆಂಜರ್ 604 ಎಂಬ ಸಣ್ಣ ಜೆಟ್ ವಿಮಾನದ ಮೇಲುಗಡೆ, 1,000 ಅಡಿ ಎತ್ತರದಲ್ಲಿ, ಎದುರು ದಿಕ್ಕಿನಿಂದ ಬಂದ ಏರ್‌ಬಸ್ ಎ-380 ದಾಟಿಹೋಯಿತು. ಸ್ವಲ್ಪ ಹೊತ್ತಿನಲ್ಲಿಯೇ ಸಣ್ಣ ವಿಮಾನವು ಉರುಳುರುಳಾಗಿ ಹೊರಳಿ ಸುಮಾರು 9,000 ಅಡಿ ಕೆಳಗಿಳಿದುಬಿಟ್ಟಿತು. ಒಳಗಿದ್ದವರಲ್ಲಿ ಹಲವರಿಗೆ ಗಾಯಗಳಾದುವು. ಚಾಲಕರು ಹೇಗೋ ಅದನ್ನು ಹತೋಟಿಗೆ ತಂದು ಮಸ್ಕತ್ತಿನಲ್ಲಿ ಇಳಿಸಿದರು. ಮತ್ತೆ ಹಾರಲು ಯೋಗ್ಯವಲ್ಲವೆಂದು ಆ ವಿಮಾನವನ್ನು ಕೈಬಿಡಬೇಕಾಯಿತು. ಇಳಿಯಲು 9,000 ಅಡಿಗಳಿದ್ದುದರಿಂದ ಅವರು ಉಳಿದರು. ನೆಲವನ್ನು ಬಿಟ್ಟು ಇನ್ನೂರು ಅಡಿ ಏರಿರುವ ವಿಮಾನಕ್ಕೆ ಆ ಭಾಗ್ಯವಿಲ್ಲ. ನಿಯಂತ್ರಣಾಧಿಕಾರಿಯ ಎಣಿಕೆಯ ಮಹತ್ವವೆಲ್ಲ ಇಲ್ಲಿದೆ.

ಮೊದಮೊದಲು ಈ ಎಣಿಕೆ ಇರಲಿಲ್ಲ. 1929ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವಿಮಾನ ಮೈದಾನದಲ್ಲಿ ಆರ್ಚಿ ಲೀಗ್ ಎಂಬವರು ಒಂದು ಕೈಗಾಡಿಯಲ್ಲಿ ಕುರ್ಚಿಯನ್ನೂ ದೊಡ್ಡ ಕೊಡೆಯನ್ನೂ ಟಿಪ್ಪಣಿ ಪುಸ್ತಕವನ್ನೂ ಎರಡು ಬಾವುಟಗಳನ್ನೂ ಹೇರಿಕೊಂಡು ಓಡುದಾರಿಯ ಕೊನೆಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಕೆಂಪು ಬಾವುಟವೆತ್ತಿದರೆ ನಿಲ್ಲಬೇಕು. ಚೌಕುಳಿಯ ಬಾವುಟವೆತ್ತಿದರೆ ಹೋಗಬಹುದು. ಆ ಕಾಲದ ವಿಮಾನಗಳು ಹಗುರ. ಅವುಗಳ ಹಿಂದಿನ ಗಾಳಿಯೂ ಹಗುರ. ಬೋಯಿಂಗ್ 747 ಎಂಬ ಬೃಹದ್ವಿಮಾನವು 1969ರಲ್ಲಿ ಮೊದಲ ಬಾರಿಗೆ ಹಾರಿ 1970ರಲ್ಲಿ ಪ್ರಯಾಣಿಕರನ್ನು ಒಯ್ಯತೊಡಗಿದ ಮೇಲೆ ವಿಚಾರ ಬೇರೆಯಾಯಿತು. 1972ರ ಮೇ 30ರಂದು ಟೆಕ್ಸಾಸಿನ ಫೋರ್ಟ್ ವರ್ತ್ ಬಳಿ ತರಬೇತಿಯ ಹಾರಾಟದಲ್ಲಿದ್ದ ಡಿಸಿ-9 ವಿಮಾನವೊಂದು ತನಗಿಂತ ದೊಡ್ಡದಾದ ಡಿಸಿ-10ರ ಹಿಂದೆಯೇ ಇಳಿಯಲು ಹೋಗಿ, ಅದರ ಸುಳಿಗೆ ಸಿಕ್ಕಿ ಮಗುಚಿ ಬಿದ್ದಿತು. ಅದರಲ್ಲಿದ್ದ ನಾಲ್ವರೂ ಮಡಿದರು. ಡಿಸಿ-9 ಆಟಿಕೆಯಂತಹ ವಿಮಾನವೇನೂ ಆಗಿರಲಿಲ್ಲ. ಸುಳಿಯೆಂಬುದು ಪುಟ್ಟ ವಿಮಾನಗಳಿಗೆ ಮಾತ್ರ ಭಯವೆಂಬ ಭಾವನೆ ಅಂದಿಗೆ ತೊಲಗಿತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಮಾನಗಳನ್ನು ಅವುಗಳ ಗರಿಷ್ಠ ತೂಕಕ್ಕನುಸಾರವಾಗಿ ವಿಂಗಡಿಸಿತು. 7,000 ಕಿಲೋಗ್ರಾಮಿನವರೆಗಿನವು ಲಘು, ಅದಕ್ಕಿಂತ ಮೇಲ್ಪಟ್ಟು 1,36,000 ಕಿಲೋಗ್ರಾಮಿಗಿಂತ ಕಡಿಮೆಯಿರುವವು ಮಧ್ಯಮ, ಅದರಿಂದಾಚೆಗಿನವು ಭಾರಿ. 500 ಟನ್ನಿಗೂ ಮಿಕ್ಕ ಎ-380 ಬಂದ ಮೇಲೆ ಅದಕ್ಕೆಂದೇ ಮಹಾಭಾರಿ ಎಂಬ ನಾಲ್ಕನೆಯ ವರ್ಗವಾಯಿತು. ಭಾರಿಯ ಹಿಂದೆ ಮಧ್ಯಮವೋ ಲಘುವೋ ಹೊರಡಬೇಕಾದರೆ ನಡುವೆ 2 ನಿಮಿಷ. ಮಧ್ಯಮದ ಹಿಂದೆ ಲಘು ಹೊರಡಬೇಕಾದರೂ 2 ನಿಮಿಷ. ಎ-380ರ ಹಿಂದೆ ಮಧ್ಯಮ, ಲಘುಗಳಿಗೆ 3 ನಿಮಿಷ. ಸಣ್ಣದರ ಹಿಂದೆ ದೊಡ್ಡದು ಹೋಗುವಾಗ ಸುಳಿಯ ಕಾರಣದಿಂದ ಕಾಯಬೇಕಾಗಿಲ್ಲ. ಎ-380 ವಿಮಾನವು 2022ರ ಅಕ್ಟೋಬರ್ 14ರಂದು ದುಬಾಯಿಯಿಂದ ಬೆಂಗಳೂರಿಗೂ ಬಂದಿಳಿಯಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು.

ಇನ್ನೊಂದು ನಿಯಮವಿದೆ; ಅದರ ಕಾರಣವನ್ನು ಮೇಲಿನ ತರಗತಿಯವರು ತಾವಾಗಿಯೇ ಊಹಿಸಲು ಯತ್ನಿಸಬಹುದು. ಹಿಂದಿನ ವಿಮಾನವು ಓಡುದಾರಿಯ ತುದಿಯಿಂದ ಓಡದೆ ನಡುವಿನ ಯಾವುದಾದರೊಂದು ಕವಲಿನಿಂದ ಸೇರಿಕೊಂಡು ಓಡುವುದಾದರೆ, 2 ನಿಮಿಷವಿದ್ದುದು 3 ನಿಮಿಷವಾಗುತ್ತದೆ. ಓಟದ ದೂರ ಕಡಿಮೆಯಾದರೆ ಕಾಯುವ ಹೊತ್ತು ಹೆಚ್ಚುವುದೇಕೆ? ಹಗುರವಾದ ವಿಮಾನಕ್ಕೆ ಸ್ವಲ್ಪ ಓಟ ಸಾಕು. ತುದಿಯಿಂದ ಹೊರಟರೆ ಅದು, ದೊಡ್ಡ ವಿಮಾನವು ಮೂತಿಯೆತ್ತಿದ ಸ್ಥಳಕ್ಕಿಂತ ಈಚೆಯೇ ನೆಲವನ್ನು ಬಿಟ್ಟು, ಸುಳಿಗಳು ಹುಟ್ಟಿದ ಹಾದಿಗಿಂತ ಮೇಲೆ ಏರಬಲ್ಲದು. ನಡುವಿನಿಂದ ಹೊರಟರೆ ಅದು ಮೇಲೇಳುವುದು ದೊಡ್ಡದು ಎದ್ದ ಸ್ಥಳದಾಚೆಗೆ. ಅಂದರೆ ಸುಳಿಗಳ ಬೀಡಿನೊಳಗೆ.

ಸುಳಿಯೊಂದೇ ಅಂತರಕ್ಕೆ ಕಾರಣವಲ್ಲ. ಒಂದೇ ದಾರಿಯಲ್ಲಿ ನಿಧಾನದ ವಿಮಾನದ ಬೆನ್ನಿಗೆ ವೇಗದ ವಿಮಾನವನ್ನು ಬಿಟ್ಟರೆ ಅದು ಮುಂದಿನದನ್ನು ಹಿಂದಟ್ಟಿ ಹಿಡಿಯುವುದು. ಎರಡರ ಹಾದಿಗಳು ಎದ್ದೊಡನೆಯೇ 45 ಡಿಗ್ರಿಗೆ ಕಡಿಮೆಯಿಲ್ಲದಂತೆ ಕವಲೊಡೆಯುವುದಾದರೆ 1 ನಿಮಿಷದ ಅಂತರ ಸಾಕೆಂದು ನಿಯಮವಿದೆ. ಹಾದಿ ಒಂದೇ ಆಗಿದ್ದು, ಮುಂದಿನದು ಗಂಟೆಗೆ 74 ಕಿಲೋಮೀಟರಿನಷ್ಟಾದರೂ ಹೆಚ್ಚು ವೇಗದ್ದಾಗಿದ್ದರೆ 2 ನಿಮಿಷ. ಹೀಗೆ ಪ್ರತಿ ಜೋಡಿಗೂ ಎರಡು ಮೂರು ಲೆಕ್ಕಗಳಾಗುತ್ತವೆ. ಅವುಗಳಲ್ಲಿ ದೊಡ್ಡದಾವುದೋ ಅದನ್ನೇ ಪಾಲಿಸತಕ್ಕದ್ದು.

ಇನ್ನು ಎಣಿಸುವ ಸಲಕರಣೆಯ ಮಾತು. ಗೋಪುರದಲ್ಲಿ ಗಂಟೆ, ನಿಮಿಷ, ಸೆಕೆಂಡುಗಳನ್ನು ತೋರಿಸುವ ಗಡಿಯಾರವು ಕೆಲಸದ ಪ್ರತಿಯೊಂದು ಪೀಠದಿಂದಲೂ ಸ್ಪಷ್ಟವಾಗಿ ಕಾಣುವಂತಿರಬೇಕೆಂಬುದು ಅಂತರರಾಷ್ಟ್ರೀಯ ಕಟ್ಟಳೆ. ಅದು ತೋರಿಸುವುದು ಊರಿನ ವೇಳೆಯನ್ನಲ್ಲ, ಜಗತ್ತಿಗೆಲ್ಲ ಒಂದೇ ಆದ ವೇಳೆಯನ್ನು. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವೇಳೆಯದು. ಈ ಗಡಿಯಾರವು 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದೆಂದೂ ಕಟ್ಟಳೆಯುಂಟು. ಪ್ರತಿ ವಿಮಾನಕ್ಕೂ ಒಂದೊಂದು ಕಿರಿದಾದ ಕಾಗದದ ಪಟ್ಟಿ. ಅದರಲ್ಲಿ ವಿಮಾನದ ಹೆಸರು, ಜಾತಿ, ತೂಕದ ವರ್ಗ, ಹೋಗುವ ಹಾದಿ. ಅಧಿಕಾರಿಯು ಈ ಪಟ್ಟಿಗಳನ್ನು ಹೊರಡುವ ಕ್ರಮದಲ್ಲಿ ಒಂದರ ಮೇಲೊಂದಾಗಿ ಜೋಡಿಸಿಟ್ಟುಕೊಂಡು, ವಿಮಾನ ಎದ್ದ ವೇಳೆಯನ್ನು ಅದರ ಮೇಲೆ ಬರೆಯುವುದು ವಾಡಿಕೆಯಾಗಿತ್ತು. ಈಗ ಅನೇಕ ಗೋಪುರಗಳಲ್ಲಿ ಈ ಪಟ್ಟಿಗಳು ಗಾಜಿನ ಪರದೆಯ ಮೇಲೆ ಬಂದಿವೆ. 2 ನಿಮಿಷ, 3 ನಿಮಿಷ ಎಂಬ ದುಂಡು ಲೆಕ್ಕವಿರುವ ತನಕ ಗೋಡೆಯ ಗಡಿಯಾರವೂ ಕೈಯಲ್ಲೊಂದು ನಿಲುಗಡಿಯಾರವೂ ಇದ್ದರೆ ಕೆಲಸ ನಡೆಯುತ್ತಿತ್ತು.

ಆದರೆ ದುಂಡು ಲೆಕ್ಕವು ಸರಿಯಾದ ಲೆಕ್ಕವಲ್ಲ. ಮಧ್ಯಮ ಎಂಬ ವರ್ಗವನ್ನೇ ನೋಡಿರಿ. ಎರಡು ಪಂಖಗಳ ಎಟಿಆರ್-72 ವಿಮಾನವು ಸುಮಾರು 23 ಟನ್ನಿನದು. ಬೋಯಿಂಗ್ 757 ಸುಮಾರು 115 ಟನ್ನಿನದು. ಎರಡೂ ಒಂದೇ ವರ್ಗಕ್ಕೆ ಸೇರಿದುವು! ಒಂದನೆಯ ತರಗತಿಯವನನ್ನೂ ಹತ್ತನೆಯ ತರಗತಿಯವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದಂತೆ. 1993ರ ಡಿಸೆಂಬರ್ 15ರಂದು ಕ್ಯಾಲಿಫೋರ್ನಿಯದ ಸಾಂತಾ ಆನಾದಲ್ಲಿ 757ರ ಹಿಂದೆ ಇಳಿಯಲು ಬರುತ್ತಿದ್ದ ಸಣ್ಣ ಜೆಟ್ ಒಂದು ಅದರ ಸುಳಿಗೆ ಸಿಕ್ಕಿ ಬಿದ್ದು ಐವರು ಸತ್ತರು. ಅದಾದ ಮೇಲೆ 757ರ ಹಿಂದೆ ಹೆಚ್ಚು ಅಂತರ ಬಿಡಬೇಕೆಂದು ಅಮೆರಿಕದಲ್ಲಿ ವಿಧಿಸಲಾಯಿತು. ಇನ್ನೊಂದು ಪಕ್ಕದಲ್ಲಿ, ಅಗತ್ಯಕ್ಕಿಂತ ಹೆಚ್ಚು ಕಾಯಿಸಲ್ಪಡುವ ಜೋಡಿಗಳೂ ಇದ್ದುವು. ಒಂದೇ ಓಡುದಾರಿಯಿಂದ ಏರುವುದು ಇಳಿಯುವುದು ಕೂಡಿ ಗಂಟೆಗೆ 55 ವಿಮಾನಗಳನ್ನು ನಡೆಸುವ ಲಂಡನ್ನಿನ ಗ್ಯಾಟ್ವಿಕ್ಕಿನಂತಹ ನಿಲ್ದಾಣದಲ್ಲಿ ಇಪ್ಪತ್ತು ಸೆಕೆಂಡು ವೃಥಾ ಹೋದರೂ ಅದು ಸಾಲಿನಲ್ಲಿ ನಿಂತ ಎಲ್ಲರ ನಷ್ಟ. ಇಂಧನ ಸುಮ್ಮನೆ ಉರಿಯುತ್ತಿರುತ್ತದೆ.

ಆದುದರಿಂದ ವಿದ್ವಾಂಸರು ತೂಕದೊಡನೆ ರೆಕ್ಕೆಯ ಅಗಲವನ್ನೂ ಗಣನೆಗೆ ತಂದು ಹೊಸ ವಿಂಗಡಣೆಯನ್ನು ರಚಿಸಿದರು. ಯೂರೋಪಿನಲ್ಲಿ ಆರು ವರ್ಗಗಳ ಪದ್ಧತಿಯು 2016ರ ಮಾರ್ಚಿಯಲ್ಲಿ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಮೊದಲಾಯಿತು. 2020ರ ನವೆಂಬರಿನಿಂದ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳಲ್ಲಿಯೂ ಏಳು ಗುಂಪುಗಳ ವಿಂಗಡಣೆಗೆ ಸ್ಥಾನ ದೊರೆಯಿತು. ಯೂರೋಪಿನ ಪದ್ಧತಿಯಲ್ಲಿ ಮೊದಲನೆಯ ವರ್ಗದ ಹಿಂದೆ ಎರಡನೆಯದಕ್ಕೆ 100 ಸೆಕೆಂಡು, ಮೂರನೆಯದಕ್ಕೆ 120, ಹೀಗೆ ಇಪ್ಪತ್ತಿಪ್ಪತ್ತಾಗಿ ಏರಿ ಕೊನೆಯದಕ್ಕೆ 180. ಎರಡನೆಯದರ ಹಿಂದೆ ಬೇರೆ ಏಣಿ, ಮೂರನೆಯದರ ಹಿಂದೆ ಮತ್ತೊಂದು ಏಣಿ. ಸಾಲಿನಲ್ಲಿ ಹತ್ತು ವಿಮಾನಗಳು ನಿಂತಿರುವಾಗ, ರೇಡಿಯೋದಲ್ಲಿ ಹಲವರು ಮಾತನಾಡುತ್ತಿರುವಾಗ, ಈ ಮಗ್ಗಿಯನ್ನೆಲ್ಲ ಬಾಯಲ್ಲಿಟ್ಟುಕೊಂಡು ಸೆಕೆಂಡುಗಳನ್ನು ಎಣಿಸಲು ಎಂತಹ ಜಾಣನಿಂದಲೂ ಸಾಧ್ಯವಿಲ್ಲ. ಕಾಲಮಾಪಕ ಯಂತ್ರವು ಅನಿವಾರ್ಯವಾದುದು ಹೀಗೆ.

ಅದರ ಕೆಲಸ ಸರಳವಾದುದು. ಮುಂದಿನ ವಿಮಾನ ಯಾವುದು, ಹಿಂದಿನದು ಯಾವುದು ಎಂಬುದು ಪರದೆಯ ಪಟ್ಟಿಗಳಿಂದಲೇ ಅದಕ್ಕೆ ತಿಳಿದಿರುತ್ತದೆ. ಜೋಡಿಗೆ ತಕ್ಕ ಅಂತರವನ್ನು ಅದು ಕೋಷ್ಟಕದಿಂದ ಆರಿಸಿಕೊಳ್ಳುತ್ತದೆ. ಮುಂದಿನದು ನೆಲವನ್ನು ಬಿಟ್ಟಿತೆಂದು ಅಧಿಕಾರಿಯು ಗುಂಡಿಯನ್ನೊತ್ತಿದಾಗ, ಅಥವಾ ರೇಡಾರಿನಿಂದ ಆ ಸುದ್ದಿ ತಾನಾಗಿ ಬಂದಾಗ, ಸೆಕೆಂಡುಗಳು ಇಳಿಲೆಕ್ಕದಲ್ಲಿ ಓಡತೊಡಗುತ್ತವೆ. ಶೂನ್ಯಕ್ಕೆ ಬಂದರೆ ಸುಳಿಯ ಮಟ್ಟಿಗೆ ದಾರಿ ಬಿಡುವಾಯಿತು.

ಇಲ್ಲಿ ಸೂಕ್ಷ್ಮವೊಂದುಂಟು. ಬ್ರಿಟನ್ನಿನ ನಿಯಮದಂತೆ ಅಂತರವನ್ನು ಅಳೆಯುವುದು ಒಂದು ವಿಮಾನ ನೆಲವನ್ನು ಬಿಟ್ಟ ಕ್ಷಣದಿಂದ ಮತ್ತೊಂದು ನೆಲವನ್ನು ಬಿಡುವ ಕ್ಷಣದವರೆಗೆ. ಅಪ್ಪಣೆಯಿತ್ತ ಮೇಲೆ ಯಂತ್ರಗಳನ್ನು ಮೊರೆಯಿಸಿ ಓಡಿ ಏಳುವುದಕ್ಕೆ ಅರ್ಧ ನಿಮಿಷದಷ್ಟು ಹಿಡಿಯುವುದರಿಂದ, ಇಳಿಲೆಕ್ಕ ಮುಗಿಯುವುದಕ್ಕೆ ಸ್ವಲ್ಪ ಮುಂಚೆಯೇ ಅಪ್ಪಣೆ ಕೊಡಬಹುದು. ಎಷ್ಟು ಮುಂಚೆ? ಚುರುಕಾದ ಚಾಲಕನಾದರೆ ಬೇಗ ಏಳುವನು, ಭಾರ ಹೆಚ್ಚಿದ ವಿಮಾನವಾದರೆ ತಡವಾಗಿ ಏಳುವುದು. ಅದನ್ನು ಯಂತ್ರ ಹೇಳದು. ಅಧಿಕಾರಿಯ ಅನುಭವವೇ ಹೇಳಬೇಕು. ಹಾಗೆಯೇ ಶೂನ್ಯ ಕಾಣಿಸಿದೊಡನೆ ಅಪ್ಪಣೆ ಕೊಡಲೇಬೇಕೆಂದಿಲ್ಲ. ಓಡುದಾರಿ ನಿಜವಾಗಿ ಬರಿದಾಗಿದೆಯೇ, ಇಳಿಯಲು ಬರುತ್ತಿರುವವರು ಎಷ್ಟು ದೂರದಲ್ಲಿದ್ದಾರೆ ಎಂದು ಅವರು ಕಿಟಕಿಯಾಚೆ ಕಣ್ಣಾರೆ ನೋಡುತ್ತಾರೆ. ಇನ್ನೂ ಸ್ವಲ್ಪ ಕಾಯುತ್ತೇನೆಂದು ಚಾಲಕನು ಕೇಳಿದರೆ ಆತನಿಗೆ ಆ ಹಕ್ಕಿದೆ.

ಭಾಷೆಯ ಉಪಾಧ್ಯಾಯರೂ ಗಮನಿಸತಕ್ಕ ಒಂದು ವಿಷಯವನ್ನು ಇಲ್ಲಿ ಹೇಳಿಬಿಡುತ್ತೇನೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದ ಓಡುದಾರಿಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಢಿಕ್ಕಿಯಾಗಿ 583 ಜನರು ಸತ್ತರು. ಹಾರಲು ಅಪ್ಪಣೆ ದೊರೆಯಿತೆಂದು ಒಂದು ವಿಮಾನದವರು ತಪ್ಪಾಗಿ ತಿಳಿದುದು ಅದರ ಕಾರಣಗಳಲ್ಲೊಂದು. ಅಂದಿನಿಂದೀಚೆಗೆ ‘ಟೇಕ್ ಆಫ್’ ಎಂಬ ಮಾತನ್ನು ಆ ಅಪ್ಪಣೆಯನ್ನು ಕೊಡುವಾಗ ಅಥವಾ ಹಿಂದೆಗೆದುಕೊಳ್ಳುವಾಗ ಮಾತ್ರ ಬಳಸಬೇಕು. ಬೇರೆಲ್ಲ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕೆಂಬ ಕಟ್ಟುನಿಟ್ಟು ಬಂದಿದೆ. ಗಡಿಯಾರ ಸರಿಯಿದ್ದು ಶಬ್ದ ತಪ್ಪಿದರೂ ಪ್ರಾಣಹಾನಿಯೇ.

ಈಗ ಗಣಿತಕ್ಕೆ ಬರೋಣ. ಹಳೆಯ ಪದ್ಧತಿಯನ್ನೇ ಹಿಡಿಯೋಣ. ಭಾರಿಗೆ ‘ಭ’, ಮಧ್ಯಮಕ್ಕೆ ‘ಮ’, ಲಘುವಿಗೆ ‘ಲ’ ಎಂದಿರಲಿ. ಭ ಆದ ಮೇಲೆ ಮ ಅಥವಾ ಲ ಬಂದರೆ 2 ನಿಮಿಷ. ಮ ಆದ ಮೇಲೆ ಲ ಬಂದರೆ 2 ನಿಮಿಷ. ಭ ಆದ ಮೇಲೆ ಭ ಬಂದರೆ ಲೆಕ್ಕದ ಅನುಕೂಲಕ್ಕಾಗಿ ಒಂದೂವರೆ ನಿಮಿಷ. ಉಳಿದ ಎಲ್ಲಕ್ಕೂ 1 ನಿಮಿಷ ಎಂದಿಟ್ಟುಕೊಳ್ಳೋಣ. ಎರಡು ಭ, ಮೂರು ಮ, ಒಂದು ಲ ಸಾಲಿನಲ್ಲಿವೆ. ಬಂದ ಕ್ರಮವು ಭ, ಮ, ಭ, ಮ, ಲ, ಮ ಎಂದಾದರೆ ಅಂತರಗಳು 2, 1, 2, 2, 1. ಒಟ್ಟು 8 ನಿಮಿಷ. ಅವನ್ನೇ ಲ, ಮ, ಮ, ಮ, ಭ, ಭ ಎಂದು ಜೋಡಿಸಿದರೆ 1, 1, 1, 1, ಒಂದೂವರೆ; ಒಟ್ಟು ಐದೂವರೆ ನಿಮಿಷ. ಒಂದು ವಿಮಾನವನ್ನೂ ಬಿಡದೆ, ಒಂದು ಸೆಕೆಂಡಿನ ಅಂತರವನ್ನೂ ಕದಿಯದೆ ಎರಡೂವರೆ ನಿಮಿಷ ಉಳಿಯಿತು.

ಚುರುಕು ಬುದ್ಧಿಯವನು ಇಲ್ಲಿ ಆಕ್ಷೇಪವೆತ್ತಬೇಕು. ಎರಡನೆಯ ಕ್ರಮದ ಕೊನೆಯಲ್ಲಿ ಭ ಇದೆ. ಮುಂದಿನ ತಂಡದ ಲ ಅದರ ಹಿಂದೆ 2 ನಿಮಿಷ ಕಾಯಬೇಡವೇ? ಕಾಯಬೇಕು. ಇಂತಹ ತಂಡಗಳು ಒಂದರ ಹಿಂದೊಂದು ಬರುತ್ತಲೇ ಇದ್ದರೆ ಮೊದಲ ಕ್ರಮದಲ್ಲಿ ಆರು ವಿಮಾನಗಳಿಗೆ 9 ನಿಮಿಷ, ಎರಡನೆಯದರಲ್ಲಿ ಏಳೂವರೆ ನಿಮಿಷ. ಗಂಟೆಗೆ ಮೊದಲನೆಯದರಲ್ಲಿ 40 ವಿಮಾನಗಳು ಏಳಬಲ್ಲುವು, ಎರಡನೆಯದರಲ್ಲಿ 48. ಆದರೆ ಎಲ್ಲರಿಗಿಂತ ಮೊದಲು ಬಂದ ಭಾರಿ ವಿಮಾನದಲ್ಲಿ ಕುಳಿತ ಮುನ್ನೂರು ಜನರು ತಮ್ಮನ್ನು ಹಿಂದಕ್ಕೆ ಹಾಕಿದುದೇಕೆಂದು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಈ ಎರಡು ನ್ಯಾಯಗಳ ನಡುವೆ ಪ್ರತಿ ಗಂಟೆಯೂ ತೀರ್ಮಾನ ಮಾಡುವವರು ಗೋಪುರದಲ್ಲಿರುವವರು.

ಎಂಟನೆಯ ತರಗತಿಯಿಂದ ಮೇಲಿನವರಿಗೆ ಎರಡು ಪ್ರಶ್ನೆಗಳನ್ನು ಕೊಡುತ್ತೇನೆ. ಈ ಆರು ವಿಮಾನಗಳನ್ನು ಒಟ್ಟು 60 ಬೇರೆ ಬೇರೆ ಕ್ರಮಗಳಲ್ಲಿ ಜೋಡಿಸಬಹುದೆಂದು ತೋರಿಸಿರಿ. ಒಂದೇ ತಂಡವನ್ನು ಮಾತ್ರ ಗಣಿಸಿದರೆ, ಆ 60ರಲ್ಲಿ ಐದೂವರೆ ನಿಮಿಷಕ್ಕಿಂತ ಕಡಿಮೆಯಾಗುವ ಕ್ರಮವೊಂದೂ ಇಲ್ಲವೆಂಬುದನ್ನು, ಅರುವತ್ತನ್ನೂ ಬರೆದು ನೋಡದೆ, ಕಾರಣ ಹೇಳಿ ಸಾಧಿಸಿರಿ.